ಭರಮುವಿನ ಹೆಬ್ಬೆಟ್ಟು

"ಸಿಕ್ತು" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಳ್ಳಬೇಕು ಅನಿಸಿತು.

ಸಿಗಬಾರದಿತ್ತು ಅದು. ಸಿಗುವುದಿಲ್ಲ ಎಂದು ತೋರಿಸುವುದಕ್ಕೇ ನಾನು ಬೆಳಿಗ್ಗೆಯಿಂದ ಕೋರ್ಟುಗಳ ಜಾಲತಾಣ ತೆರೆದು ಕುಳಿತಿದ್ದೆ. ಜಿಲ್ಲೆ ಆರಿಸು, ಕೋರ್ಟು ಆರಿಸು, ಆರೋಪಿಯ ಹೆಸರು ಹಾಕು, ವರ್ಷ ಹಾಕು, ಆ ಸೊಟ್ಟ ಸೊಟ್ಟ ಅಕ್ಷರ ನೋಡಿ ಬರೆ. ಒಂದು ಅಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ನಮ್ಮ ಸುತ್ತಿನದನ್ನೆಲ್ಲ ಜಾಲಾಡಿಬಿಡೋಣ ಎಂದು ಹಟ ಹಿಡಿದಿದ್ದೆ. "ನೋಡ್ ಸುಂದರಾ, ನಿನ್ನ ಗಂಡನ ಹೆಸರ ಎಲ್ಲೂ ಇಲ್ಲ" ಎಂದು ಎರಡು ಸಲ ನಗಾಡಿಯೂ ಆಗಿತ್ತು.

ಯಾವ ಕೋರ್ಟಿನಲ್ಲಿ ಸಿಕ್ಕಿತು ಎಂದು ಬರೆಯುವುದಿಲ್ಲ. ಅವರಿಗೂ ಮೋಸವೇ ಆಗಿದೆ. ಮೋಸ ಹೋದವರ ಹೆಸರು ಕೆಡಿಸುವ ಬುದ್ಧಿ ನನಗಿಲ್ಲ.

ಎಂಟು ದಿನದ ಹಿಂದೆ ಬೇಡಕಿಹಾಳದ ಟ್ರ್ಯಾಕ್ಟರ್ ಡ್ರೈವರ್ ಭರಮು ಫ್ಯಾಕ್ಟರಿಗೆ ಕಬ್ಬು ಇಳಿಸಿ ಬರುವಾಗ, ಮುಗಳಖೋಡದ ದುಂಡೇಶ ಎಂಬ ಕಬ್ಬು ಕಡಿಯುವವನು ಅವನ ಗಾಲಿಯ ಕೆಳಗೆ ಸತ್ತಿದ್ದ. ಭರಮು ಈಗ ಒಳಗೆ, ಅವನ ಹೆಂಡತಿ ಸುಂದರಾ ನನ್ನ ಎದುರಿನ ಕುರ್ಚಿಯ ತುದಿಯಲ್ಲಿ.

ಭರಮು ಕುಡಿದಿದ್ದ ಎಂದು ಪೊಲೀಸರು. ಅಂಗಿ ತುಂಬ ಸೆರೆಯ ವಾಸನೆ ಇತ್ತಂತೆ. ಭರಮು ಹೇಳುವುದೇ ಬೇರೆ: "ಅಂವಾ ಮೊದಲ ರಸ್ತಾದಾಗ ಬಿದ್ದಿದ್ದರಿ. ಗಾಲಿ ಜಿಗಿದ ಮ್ಯಾಲ ಗೊತ್ತಾತು. ಎತ್ತಾಕ ಹೋದೆ, ಅವನ ಅರಿವಿ ಎಲ್ಲಾ ಸೆರಿಯೊಳಗ ತೊಯ್ದಿದ್ದವು. ನನಗೂ ಹತ್ತಿತು." ರಕ್ತದ ವರದಿ ಇನ್ನೂ ಬಂದಿಲ್ಲ.

ನಾನು ನಂಬಿದ್ದೆ. ಯಾಕೆಂದರೆ ಭರಮು ಮಾಳಕರಿ. ಕೊರಳಲ್ಲಿ ತುಳಸಿ ಮಾಲೆ ಹಾಕಿಕೊಂಡವನು. ಮಾಲೆ ಹಾಕಿದವನು ಮಾಂಸ, ಸೆರೆ ಎರಡಕ್ಕೂ ಕೈ ಮುಗಿದುಬಿಟ್ಟಿರುತ್ತಾನೆ. ಆದರೆ ಜಾಮೀನಿಗೆ ತಕರಾರು ಸಲ್ಲಿಸಿದ ಸರ್ಕಾರಿ ವಕೀಲರು ಒಂದು ಸಾಲು ಸೇರಿಸಿದ್ದರು. ಈತ ಹಿಂದೆಯೂ ಕುಡಿದು ಗಾಡಿ ನಡೆಸಿ ಶಿಕ್ಷೆಯಾದವನು ಎಂದು. ಶುದ್ಧ ಸುಳ್ಳು ಎಂದುಕೊಂಡು ಹುಡುಕಲು ಕೂತಿದ್ದೆ.

ಈಗ ಪರದೆಯ ಮೇಲೆ ಅದೇ ಸಾಲು. ಆರೋಪಿ ಭರಮು, ತಂದೆ ಮುರಗೆಪ್ಪ, ಬೇಡಕಿಹಾಳ. ಮೋಟಾರು ವಾಹನ ಕಾಯ್ದೆ, ಕಲಂ ನೂರಾ ಎಂಬತ್ತೈದು. ಮುಂದೆ: ತಪ್ಪು ಒಪ್ಪಿಕೊಂಡಿದ್ದಾನೆ, ಪ್ರಕರಣ ಮುಕ್ತಾಯ.

ಇಷ್ಟು ವರ್ಷದ ವಕೀಲಿಯಲ್ಲಿ ಸುಳ್ಳು ಹೇಳುವ ಕಕ್ಷಿದಾರರನ್ನು ಕಂಡಿದ್ದೇನೆ. ಆದರೆ ಇವನೂ ಅವರಲ್ಲೊಬ್ಬ ಎಂದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

"ಏನಾತ್ರಿ ಅಕ್ಕಾರ?" ಎಂದಳು ಸುಂದರಾ.

ಹೇಳಿದೆ. ಅವಳು ಪರದೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

"ಕುಡದ ಗಾಡಿ ನಡಸಿದ್ರ ಏನ ಆಗ್ತೈತ್ರಿ?"

"ಮೊದಲನೇ ಸಲಕ್ಕ ಆರ ತಿಂಗಳ ತನಕ ಜೈಲು, ಇಲ್ಲಾ ಹತ್ತ ಸಾವಿರ ದಂಡ, ಇಲ್ಲಾ ಎರಡೂ. ಆ ಸಲ ದಂಡ ಅಷ್ಟ ಹಾಕ್ಯಾರ. ಎರಡನೇ ಸಲ ಅಂದ್ರ ಎರಡ ವರ್ಷದ ತನಕ ಜೈಲು, ಇಲ್ಲಾ ಹದಿನೈದ ಸಾವಿರ ದಂಡ, ಇಲ್ಲಾ ಎರಡೂ. ಲೈಸನ್ಸೂ ಕಸಗೋಬಹುದು."

"ಎರಡ ವರ್ಷರಿ?"

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅರ್ಧ ಹೇಳಿ ಅರ್ಧ ಮುಚ್ಚಿಡುವುದು ನನ್ನಿಂದಾಗದು.

"ಕೇಳ್ ಸುಂದರಾ. ಇಲ್ಲಿ ಮನಷ್ಯಾ ಸತ್ತಾನ. ಬರೀ ನಿಷ್ಕಾಳಜಿ ಅಂದ್ರ ಐದ ವರ್ಷದ ತನಕ. ಪೊಲೀಸರು ಹಾಕಿದ್ದು ಅದಕ್ಕಿಂತ ದೊಡ್ಡ ಕಲಂ. ಕುಡದ ನಡಸಿದ್ರ ಮಂದಿ ಸಾಯ್ತಾರಂತ ಇವಗ ಗೊತ್ತಿತ್ತು, ಗೊತ್ತಿದ್ದೂ ನಡಸ್ಯಾನ ಅಂತಾರ. ಅದು ಖರೇ ಆದ್ರ ಹತ್ತ ವರ್ಷದ ತನಕ. 'ಗೊತ್ತಿತ್ತು' ಅನ್ನಾಕ ಈ ಹಳೀ ಕೇಸ ಅವರಿಗೆ ಸಾಕು."

ಸುಂದರಾ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು.

"ಹತ್ತ ವರ್ಷಕ್ಕ ನಮ್ಮ ಕೋಮಲಂದು ಲಗ್ನ ಆಗಿರ್ತೈತಿ" ಎಂದಳು. ಕೋಮಲ ಏಳನೇ ತರಗತಿ. ನಂತರ ತಟ್ಟನೆ ತಲೆ ಎತ್ತಿ, "ಅದು ಯಾವ ದಿನದ್ದರಿ, ಆ ಹಳೀದು?"

"ಹೋದ ವರ್ಷದ ಆಚೆ ವರ್ಷ. ಆಷಾಢ."

"ಆಷಾಢದಾಗ? ಅಕ್ಕಾರ, ಆಷಾಢದಾಗ ಅವ್ರು ಗಾಡಿ ಮುಟ್ಟೂದಿಲ್ರಿ! ದಿಂಡಿ ಕೂಡ ನಡಕೊಂತ ಪಂಢರಪುರಕ್ಕ ಹೋಗ್ತಾರ. ಆ ಸಲಾನೂ ಹೋಗ್ಯಾರ. ಕಾಲಿಗೆ ಗುಳ್ಳಿ ಎದ್ದಿದ್ದು, ಬಂದ ಮ್ಯಾಲ ನಾನ ಎಣ್ಣಿ ಹಚ್ಚೇನಿ!"

ನನಗೆ ಉಸಿರು ಮರಳಿ ಬಂತು. ಆದರೆ ಹೆಂಡತಿ ಹಚ್ಚಿದ ಎಣ್ಣೆಯನ್ನು ಯಾವ ಕೋರ್ಟು ಸಾಕ್ಷಿ ಎಂದು ತೆಗೆದುಕೊಳ್ಳುತ್ತದೆ? ಜಾಲತಾಣದಲ್ಲಿ ಇರುವುದು ಬರೀ ಸಾರ. ಮೂಲ ಕಡತದಲ್ಲಿ ಏನಿದೆ ಎಂದು ನೋಡಬೇಕು. ಅವತ್ತೇ ಹೋಗಿ ದೃಢೀಕೃತ ನಕಲಿಗೆ ಅರ್ಜಿ ಹಾಕಿದೆ. ಕಾಗದದ ಪ್ರಕಾರ ಆರೋಪಿ ನಮ್ಮವನೇ ಆದ್ದರಿಂದ ನಕಲು ಕೇಳುವ ಹಕ್ಕೂ ನಮ್ಮದೇ. ಮಾಡದ ತಪ್ಪಿನಿಂದ ಆದ ಲಾಭ ಅದೊಂದೇ.

ನಕಲು ಕೈಗೆ ಬಂದ ದಿನ ಸುಂದರಾಳನ್ನು ಮತ್ತೆ ಕರೆಸಿದೆ. ಚಿಕ್ಕೋಡಿ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ ನನ್ನ ಆಫೀಸು. "ಕೋಮಲನ ಸಾಲಿ ಬಿಡೂದರಾಗ ಮನಿ ಮುಟ್ಟಬೇಕ್ರಿ" ಎನ್ನುತ್ತಲೇ ಮೆಟ್ಟಿಲು ಹತ್ತಿ ಬಂದಳು.

ಮೊದಲ ಹಾಳೆಯಲ್ಲಿ ಗಾಡಿಯ ನಂಬರು ಇತ್ತು. ಟ್ರ್ಯಾಕ್ಟರ್ ಅಲ್ಲ, ಜೀಪು. ನಾನು ಓದುತ್ತಿದ್ದಂತೆ ಸುಂದರಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಇದು ಮಾಲಕರ ಜೀಪರಿ. ಪ್ರತಿ ದೀಪಾವಳಿಗೆ ಈ ನಂಬರಿಗೆ ಕುಂಕುಮ ಹಚ್ಚಾಕಿ ನಾನ."

ಮಾಲಕ ಎಂದರೆ ವಿಕ್ರಾಂತ. ಬೇಡಕಿಹಾಳದಲ್ಲಿ ಕಬ್ಬಿನ ಹೊಲ, ಅಥಣಿ ಕಡೆ ದ್ರಾಕ್ಷಿ ತೋಟ, ಆರು ಟ್ರ್ಯಾಕ್ಟರು. ಭರಮುವಿನ ಪರವಾಗಿ ನನ್ನ ಫೀಸು ತಾನೇ ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದ ದೊಡ್ಡ ಮನುಷ್ಯ.

"ಭರಮು ಈ ಜೀಪ ನಡಸ್ತಾನೇನ?"

"ಅದರ ಚಾವಿ ಮಾಲಕರ ಯಾರ ಕೈಯಾಗೂ ಕೊಡೂದಿಲ್ರಿ."

"ಮತ್ತ ಭರಮೂನ ಲೈಸನ್ಸ ಪೊಲೀಸರ ಕೈಗೆ ಹ್ಯಾಂಗ ಬಂತು?"

"ಲೈಸನ್ಸ ಮಾಲಕರ ಕಡೇನ ಇರ್ತೈತೆಲ್ರಿ" ಎಂದಳು, ನನಗೆ ಅಷ್ಟೂ ತಿಳಿಯದೇ ಎನ್ನುವ ಹಾಗೆ.

ತಿಳಿದಿತ್ತು. ನೆನಪಾಗಿರಲಿಲ್ಲ ಅಷ್ಟೆ. ನಮ್ಮ ಕಡೆ ಕಬ್ಬಿನ ಸೀಜನ್ ಶುರುವಾದರೆ ಡ್ರೈವರುಗಳಿಗೆ ಎಲ್ಲಿಲ್ಲದ ಬೇಡಿಕೆ. ಹೆಚ್ಚು ಪಗಾರದ ಆಸೆ ತೋರಿಸಿ ಒಬ್ಬ ಮಾಲಕನ ಡ್ರೈವರನ್ನು ಇನ್ನೊಬ್ಬ ಮಾಲಕ ಹಾರಿಸಿಕೊಂಡು ಹೋಗುತ್ತಾನೆ. ಅದಕ್ಕೇ ಲೈಸನ್ಸು ಮಾಲಕನ ಕಪಾಟಿನಲ್ಲಿ. ಸೀಜನ್ ಮುಗಿದರೂ ತಿರುಗಿ ಕೇಳುವ ಧೈರ್ಯ ಯಾರಿಗೂ ಇಲ್ಲ.

ಹಾಳೆ ತಿರುಗಿಸಿದೆ. ಕೊನೆಯಲ್ಲಿ, ತಪ್ಪು ಒಪ್ಪಿಕೊಂಡ ಮಾತಿನ ಕೆಳಗೆ, ಒಂದು ಹೆಬ್ಬೆಟ್ಟಿನ ಗುರುತು.

"ಇದು ಯಾವ ಕೈದ್ದರಿ ಅಕ್ಕಾರ?"

"ಎಡಗೈ ಹೆಬ್ಬೆಟ್ಟು ಅಂತ ಬಾಜೂಕ ಬರದಾರ."

ಸುಂದರಾ ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣಿನಿಂದ ನೀರು ಇಳಿಯಿತು.

"ಎಡಗೈ ಹೆಬ್ಬೆರಳ ಎಲ್ಲೈತ್ರಿ ಅವ್ರಿಗೆ!"

"ಏನಂದಿ?"

"ಇಲ್ರಿ! ಬುಡದ ತನಕ ಇಲ್ಲ. ನಮ್ಮ ಲಗ್ನಕ್ಕಿಂತ ಮೊದಲ, ಗಾಣಕ್ಕ ಕಬ್ಬ ಕೊಡೂವಾಗ ಬೆರಳ ಹೋತು. ಮತ್ತ ಅವ್ರು ಹೆಬ್ಬೆಟ್ಟ ಯಾಕ ಒತ್ತತಾರ್ರಿ? ಐದನೇತ್ತಾ ಕಲತಾರ. ಬಲಗೈಲೆ ಸಹಿ ಮಾಡ್ತಾರ."

ಜೈಲಿನ ಜಾಲರಿಯ ಆಚೆ ನಾನು ಅವನ ಮುಖವನ್ನಷ್ಟೇ ನೋಡಿದ್ದೆ. ಈಗ ಆ ಕಪ್ಪು ಗುರುತನ್ನು ಮತ್ತೆ ನೋಡಿದೆ. ಇಲ್ಲದ ಬೆರಳಿನ ಗುರುತಿನ ಮೇಲೆ ಒಬ್ಬ ಮನುಷ್ಯ ಹತ್ತು ವರ್ಷ ಒಳಗೆ ಹೋಗಲಿದ್ದ.

ಕೆಳಗೆ ಗಾಡಿ ನಿಂತ ಸದ್ದು. ವಿಕ್ರಾಂತ ಬರುತ್ತೇನೆಂದು ಬೆಳಿಗ್ಗೆ ಫೋನ್ ಮಾಡಿದ್ದ. ನಾನೇ ಬಾ ಎಂದಿದ್ದೆ. ಮೆಟ್ಟಿಲ ಮೇಲೆ ಅವನ ಬೂಟಿನ ಸಪ್ಪಳ ಕೇಳಿದ ಕೂಡಲೇ ಸುಂದರಾ ಕುರ್ಚಿಯಿಂದ ಇಳಿದು ಗೋಡೆಯ ಪಕ್ಕ ನೆಲದ ಮೇಲೆ ಕೂತಳು.

"ಏಳ ಮ್ಯಾಲ. ಇದು ನನ್ನ ಆಫೀಸು" ಎಂದೆ, ಸಿಟ್ಟಿನಿಂದ.

"ಇರಲಿ ಬಿಡ್ರಿ ಅಕ್ಕಾರ."

ವಿಕ್ರಾಂತ ಅವಳನ್ನು ದಾಟಿ ಬಂದು ಅವಳು ಬಿಟ್ಟ ಕುರ್ಚಿಯಲ್ಲೇ ಕೂತ. ನಲವತ್ತರ ಒಳಗಿನವನು, ಇಸ್ತ್ರಿಯ ಬಿಳಿ ಅಂಗಿ, ಮೆತ್ತನೆಯ ಮಾತು.

"ನೀಲಮ ಮೇಡಮ್ಮರ, ಭರಮು ನಮ್ಮ ಮನಿ ಮನಷ್ಯಾ ಇದ್ದಂಗ. ಒಪ್ಕೊಂಡ ಬಿಡು ಅಂತ ಹೇಳ್ರಿ. ಒಪ್ಕೊಂಡ್ರ ಶಿಕ್ಷಾ ಕಡಿಮಿ ಆಗ್ತೈತಿ. ಅವನ ಹೆಂಡ್ತಿ, ಮಗಳನ್ನ ನಾ ನೋಡ್ಕೋತೀನಿ."

"ಹತ್ತ ವರ್ಷ ನೋಡ್ಕೋತೀರೇನ್ರಿ?"

"ನಿಮ್ಮದು ಬರೇ ಚೇಷ್ಟಿ."

"ಚೇಷ್ಟಿ ಅಲ್ರಿ, ಲೆಕ್ಕ. ಇರಲಿ. ಭರಮೂನ ಲೈಸನ್ಸ ಯಾರ ಕಡೆ ಇರ್ತಿತ್ತು?"

"ಅವನ ಲೈಸನ್ಸ ಅವನ ಕಡೇನ ಇರ್ತೈತಿ. ನನ್ನ ಕಡೆ ಯಾಕರಿ?"

ಗೋಡೆಯ ಕಡೆ ಬಳೆ ಸದ್ದಾಯಿತು. ವಿಕ್ರಾಂತ ತಿರುಗಿ ನೋಡಲಿಲ್ಲ.

"ಎರಡ ವರ್ಷದ ಹಿಂದ ಆಷಾಢದಾಗ ನಿಮ್ಮ ಜೀಪ ಯಾರ ನಡಸ್ತಿದ್ರು?" ನಕಲನ್ನು ಅವನ ಮುಂದೆ ಸರಿಸಿದೆ.

ಒಂದು ಕ್ಷಣ ಅವನ ಕಣ್ಣು ಹಾಳೆಯ ಮೇಲೆ ನಿಂತಿತು. ಆಮೇಲೆ ಕುರ್ಚಿಗೆ ಒರಗಿದ. "ಅದರಾಗ ಬರದೈತೆಲ್ರಿ. ಭರಮೂನ ನಡಸ್ಯಾನ. ಕುಡದಿದ್ದ. ನ್ಯಾಯಾಧೀಶರ ಮುಂದ ಒಪ್ಕೊಂಡಾನ, ಹೆಬ್ಬೆಟ್ಟ ಒತ್ತ್ಯಾನ. ಇನ್ನೇನ ಬೇಕ್ರಿ ನಿಮಗ?"

"ಭರಮು ನಿಮ್ಮ ಮನ್ಯಾಗ ಎಷ್ಟ ವರ್ಷದಿಂದ ಅದಾನ?"

"ನಮ್ಮ ಅಪ್ಪಾರ ಕಾಲದಿಂದ."

"ಅವನ ಎಡಗೈ ಎಂದಾದ್ರೂ ನೋಡೀರೇನ್ರಿ?"

"ಕೈ? ಕೈಗೇನಾಗೇತಿ?" ಎಂದ. ಆಗ ಮೊದಲ ಸಲ ಸುಂದರಾಳ ಕಡೆ ತಿರುಗಿದ. "ಏನಾಗೇತಿ ಅವನ ಕೈಗೆ?"

ನಿಜವಾಗಿಯೂ ಕೇಳುತ್ತಿದ್ದ! ನಾಟಕವಲ್ಲ. ಆ ಖೊಟ್ಟಿ ಹೆಬ್ಬೆಟ್ಟಿಗಿಂತ ಇದು ನನ್ನನ್ನು ಹೆಚ್ಚು ದಂಗುಬಡಿಸಿತು. ದಿನಾ ಅದೇ ಕೈಯಿಂದ ಚಹಾ ತೆಗೆದುಕೊಂಡಿದ್ದಾನೆ, ಅದೇ ಕೈ ಇವನ ಟ್ರ್ಯಾಕ್ಟರು ತಿರುಗಿಸಿದೆ, ಹಬ್ಬಕ್ಕೊಮ್ಮೆ ಇವನ ಕಾಲು ಮುಟ್ಟಿದೆ. ಒಮ್ಮೆಯೂ ನೋಡಿಲ್ಲ.

ಸುಂದರಾ ನೆಲ ನೋಡುತ್ತಲೇ ಹೇಳಿದಳು. "ಹೆಬ್ಬೆರಳ ಇಲ್ರಿ ಮಾಲಕರ. ನಿಮ್ಮ ಅಪ್ಪಾರ ಗಾಣದಾಗ ಹೋತು. ನೀವು ಆಗ ಕಾಲೇಜ ಕಲ್ಯಾಕ ಹೋಗಿದ್ರಿ."

ವಿಕ್ರಾಂತನ ಕಿವಿ ಕೆಂಪಾದವು. ಹಾಳೆಯನ್ನು ಎತ್ತಿಕೊಂಡು ನೋಡಿದ, ಇಟ್ಟ, ಮತ್ತೆ ಎತ್ತಿಕೊಂಡ.

"ಕುಡದವರು ನೀವು" ಎಂದೆ. "ಅವನ ಲೈಸನ್ಸ ನಿಮ್ಮ ಕಡೇನ ಇತ್ತು, ಪೊಲೀಸರ ಕೈಗೆ ಅದನ್ನ ಕೊಟ್ರಿ. ಕೋರ್ಟಿನ್ಯಾಗ ಭರಮೂನ ಹೆಸರಲೆ ಯಾರನ್ನೋ ನಿಲ್ಲಿಸಿ ದಂಡ ಕಟ್ಟಿಸಿದ್ರಿ. ಓದಾಕ ಬರೆಯಾಕ ಬಾರದಾಂವ, ಸಹಿ ಬದಲಿ ಹೆಬ್ಬೆಟ್ಟ ಒತ್ತಿದ."

"ಮಾತ ಜ್ವಾಕಿ ಇರಲಿ ಮೇಡಮ್ಮರ."

"ನನ್ನ ಮಾತ ಹಿಂಗ. ಆ ಹೆಬ್ಬೆಟ್ಟಿನ ಮಾಲಕನ್ನ ಹುಡಕಿ ಕಟಕಟ್ಯಾಗ ನಿಲ್ಲಸ್ತೇನಿ. ಅವನ ಬಾಯಿಲೆ ನಿಮ್ಮ ಹೆಸರ ಹೇಳಸ್ತೇನಿ."

ಅವನು ಹೆದರುತ್ತಾನೆ ಎಂದುಕೊಂಡಿದ್ದೆ. ಬದಲಿಗೆ ಅವನ ಮುಖ ಸಡಿಲವಾಯಿತು. ಎದೆಯ ಮೇಲಿನ ಭಾರ ಇಳಿದವನಂತೆ ಎದ್ದು ನಿಂತು ಅಂಗಿ ಸರಿ ಮಾಡಿಕೊಂಡ.

"ಹುಡಕ್ರಿ" ಎಂದ, ನಗುತ್ತ. "ಸಿಗಂಗಿಲ್ಲ."

ಹೋದ. ಬೂಟಿನ ಸಪ್ಪಳ ಮೆಟ್ಟಿಲಿಳಿಯಿತು, ಜೀಪು ಹೊರಟಿತು.

"ಯಾಕ ನಕ್ಕರಿ ಅವ್ರು?" ಎಂದು ಸುಂದರಾ ಕೇಳಿದಳು.

ನನಗೂ ಅದೇ ಪ್ರಶ್ನೆ. ನಕಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಫೋನಿನಲ್ಲಿ ಆ ಗುರುತಿನ ಚಿತ್ರ ತೆಗೆದು ದೊಡ್ಡದು ಮಾಡಿದೆ. ಬೆರಳಿನ ಗೆರೆಗಳ ನಡುವೆ ಮಸಿ ಹತ್ತದ ಒಂದು ಬಿಳಿ ಪಟ್ಟಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಓರೆಯಾಗಿ. ಗಾಯದ ಕಲೆ. ಕುಡುಗೋಲು ಜಾರಿ ಬೆರಳಿಗೆ ಬಿದ್ದರೆ ಹೀಗೇ ಆಗುತ್ತದೆ.

ಕುಡುಗೋಲಿನ ಕಲೆ. ಎಡಗೈ ಹೆಬ್ಬೆರಳು. ಇದನ್ನು ನಾನು ಎಲ್ಲೋ ಓದಿದ್ದೆ. ಈ ವಾರವೇ ಓದಿದ್ದೆ.

ಸರ್ಕಾರಿ ವಕೀಲರು ಕೊಟ್ಟ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ಎಫ್‌ಐಆರ್ ಅಲ್ಲ. ಸ್ಥಳದ ನಕ್ಷೆ ಅಲ್ಲ. ಮುಕ್ಕಾಲು ತಾಸು ಹುಡುಕಿದ ಮೇಲೆ ಹೆಣದ ಪಂಚನಾಮೆ ಸಿಕ್ಕಿತು. ಮೃತನ ಗುರುತಿನ ಚಿಹ್ನೆಗಳು: "ಎಡಗೈ ಹೆಬ್ಬೆರಳಿಗೆ ಓರೆಯಾಗಿ ಕುಡುಗೋಲಿನ ಹಳೆಯ ಗಾಯದ ಕಲೆ."

ಅಯ್ಯೋ ದೇವರೇ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಕುರ್ಚಿ ಎಳೆದುಕೊಂಡು ಕೂತು, ಗುರುತನ್ನೂ ಆ ಸಾಲನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ.

ಕೋರ್ಟಿನಲ್ಲಿ ಭರಮು ಆಗಿ ನಿಂತವನು ದುಂಡೇಶ. ಭರಮುವಿನ ಗಾಲಿಯ ಕೆಳಗೆ ಸತ್ತವನೂ ದುಂಡೇಶ. 'ನಿಂತವನು ನಾನು, ನಿಲ್ಲಿಸಿದವನು ಇವನು' ಎಂದು ಹೇಳಬಲ್ಲ ಒಬ್ಬನೇ ಒಬ್ಬ ಮನುಷ್ಯ ಮೈತುಂಬ ಸೆರೆ ಸುರಿಸಿಕೊಂಡು, ಸರಿಯಾಗಿ ಭರಮು ಬರುವ ಹಾದಿಯಲ್ಲೇ ಬಿದ್ದಿದ್ದ. ತಾನಾಗಿ ಬಿದ್ದವನಲ್ಲ, ಯಾರೋ ತಂದು ಮಲಗಿಸಿದ್ದು. ಸಿಗಂಗಿಲ್ಲ ಎಂದು ವಿಕ್ರಾಂತ ನಕ್ಕಿದ್ದು ಅದಕ್ಕೇ.

ಆದರೆ ಎರಡು ವರ್ಷ ಸುಮ್ಮನಿದ್ದ ದುಂಡೇಶನನ್ನು ಈಗೇಕೆ ಮುಗಿಸಬೇಕಾಯಿತು?

ಪಂಚನಾಮೆಯ ಹಿಂದೆ ಒಂದು ಫೋಟೋ ಇತ್ತು. ನಾನು ಸರಿಸುವಷ್ಟರಲ್ಲಿ ಸುಂದರಾ ಎದ್ದು ಬಂದು ಬಗ್ಗಿ ನೋಡಿಬಿಟ್ಟಿದ್ದಳು. ಸತ್ತವನ ಮುಖ ಅವಳು ಅಲ್ಲಿಯತನಕ ನೋಡಿರಲಿಲ್ಲ.

"ಯವ್ವಾ! ಇಂವಾ..."

"ಗೊತ್ತೇನ ನಿನಗ?"

"ನಮ್ಮ ಮನಿಗೆ ಬಂದಿದ್ದರಿ ಇಂವಾ. ಆ ಘಾತ ಆಗೂ ಹಿಂದಿನ ದಿನಾನ. ಭರಮು ಅದಾರೇನು ಅಂತ ಕೇಳಿದ. ಇಲ್ಲ, ಫ್ಯಾಕ್ಟರಿಗೆ ಹೋಗ್ಯಾರ ಅಂದೆ. ಗ್ವಾಡಿ ಮ್ಯಾಲ ಅವ್ರು ದಿಂಡ್ಯಾಗ ಹೊಂಟಿದ್ದ ಫೋಟೋ ಐತೆಲ್ರಿ, ಅದನ್ನ ನೋಡಿ, 'ನಿಮ್ಮ ಯಜಮಾನ್ರು ಮಾಳಕರಿ ಏನವ್ವಾ?' ಅಂದ. ಹೌದಂದೆ. ಅಲ್ಲೇ ನಿಂತ ಎರಡೂ ಗಲ್ಲಾ ಬಡಕೊಂಡ. 'ಮಾಳಕರಿ ಹೆಸರಿಗೆ ಸೆರಿ ಹಚ್ಚೇನಿ, ನನಗ ನರಕಾನೂ ಸಿಗಂಗಿಲ್ಲ. ನಾಳೆ ಬಂದ ಅವರ ಕಾಲ ಹಿಡದ ಎಲ್ಲಾ ಹೇಳ್ತೇನಿ' ಅಂದ. ನನಗೇನೂ ತಿಳೀಲಿಲ್ರಿ. ನೀರ ಕೊಟ್ಟೆ. ಕುಡದ ಹೋದ."

ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಭರಮು ಹೊರಗೆ ಬಂದ ಹಾಗೆಯೇ! "ಇದನ್ನ ಇಷ್ಟ ದಿನ ಯಾಕ ಹೇಳಲಿಲ್ಲ ನೀ? ಇದು ಮತ್ತ ಯಾರಿಗೆ ಗೊತ್ತೈತಿ?"

ಸುಂದರಾ ನನ್ನನ್ನು ನೋಡಿದಳು. ಅವಳ ಮುಖದ ಬಣ್ಣ ಇಳಿಯುತ್ತ ಹೋಗುವುದನ್ನು ನಾನು ಕಣ್ಣಾರೆ ಕಂಡೆ.

"ಮಾಲಕರಿಗೆ" ಎಂದಳು. "ನಾನ ಫೋನ ಮಾಡಿ ಹೇಳಿದ್ನಿರಿ."

"ಯಾಕ?"

"ಹೊಸಬರು ಯಾರರೆ ಮನಿಗೆ ಬಂದ ಡ್ರೈವರನ್ನ ಕೇಳಿದ್ರ ಮಾಲಕರಿಗೆ ಹೇಳಬೇಕ್ರಿ. ಸೀಜನಿನ್ಯಾಗ ಎಲ್ಲಾರೂ ಹೇಳ್ತಾರ. ಬ್ಯಾರೆ ಮಾಲಕರು ಮಂದಿ ಕಳಿಸಿ ಡ್ರೈವರನ್ನ ಒಯ್ತಾರಂತ... ಇಂವಾನೂ ಹಂಗ ಬಂದಾಂವ ಅನ್ಕೊಂಡೆ. ಹೆಬ್ಬೆರಳಿಗೆ ಕಲಿ ಐತಿ, ನಾಳೆ ಮತ್ತ ಬರ್ತಾನಂತ, ಎಲ್ಲಾ ಹೇಳೇನ್ರಿ. 'ಚಲೋ ಮಾಡಿದಿ ಸುಂದರಾ' ಅಂದ್ರು."

ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನೆಲಕ್ಕೆ ಕೂತಳು. "ಅಕ್ಕಾರ, ನಾನ ಕೊಂದಂಗಾತೇನ್ರಿ? ಅವನ್ನೂ ಕೊಂದೆ, ಇವ್ರನ್ನೂ ಒಳಗ ಹಾಕಿಸಿದೆ..."

ನಾನು ಎದ್ದು ಅವಳ ಪಕ್ಕ ನೆಲದ ಮೇಲೆಯೇ ಕೂತು ಅವಳ ಭುಜ ಹಿಡಿದುಕೊಂಡೆ. "ನೀ ಅಲ್ಲ ಬೇ. ನಿನಗೇನ ಗೊತ್ತಿತ್ತು. ಕೇಳಿಲ್ಲಿ, ಈ ಮಾತ ನ್ಯಾಯಾಧೀಶರ ಮುಂದ ಹೇಳಾಕ ಆಗ್ತೈತಿಲ್ಲೋ ನಿನ್ನ ಕಡಿಂದ? ನೀ ಹೇಳಿದ್ರ ಭರಮು ಉಳಿತಾನ."

"ಹೇಳ್ತೇನ್ರಿ" ಎಂದಳು, ಮೂಗು ಒರೆಸಿಕೊಳ್ಳುತ್ತ. "ಯಾರ ಮುಂದ ಬೇಕಾದ್ರೂ ಹೇಳ್ತೇನಿ."

ಆಗ ಅವಳ ಮಡಿಲಲ್ಲಿದ್ದ ಫೋನು ರಿಂಗಾಯಿತು. ಪರದೆಯ ಮೇಲೆ 'ಮಾಲಕರು' ಎಂದಿತ್ತು. ಎತ್ತಬೇಡ ಎನ್ನುವಷ್ಟರಲ್ಲಿ, ಇಷ್ಟು ವರ್ಷದ ರೂಢಿಯಂತೆ, ಅವಳ ಕೈ ಎತ್ತಿಬಿಟ್ಟಿತ್ತು. ನಾನೂ ಕಿವಿ ಹತ್ತಿರ ಒಯ್ದೆ.

"ಸುಂದರಾ" ಎಂದ ವಿಕ್ರಾಂತ, ಅದೇ ಮೆತ್ತನೆಯ ದನಿಯಲ್ಲಿ. "ಅವತ್ತ ನೀ ನನಗ ಫೋನ ಮಾಡಿದ್ದು ವಕೀಲರ ಮುಂದ ಹೇಳೀಯೇನು?"

ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಹೇಳಿಲ್ಲಂದ್ರ ಚಲೋ ಆತು. ಲಗೂನ ಬಾ. ಸಾಲಿ ಬಿಟ್ಟಿತ್ತು, ಕೋಮಲನ್ನ ನಾನ ಜೀಪಿನ್ಯಾಗ ಕೂಡಿಸ್ಕೊಂಡೇನಿ." ಆಮೇಲೆ ಫೋನಿನಿಂದ ಬಾಯಿ ದೂರ ಮಾಡಿ, ಪಕ್ಕದಲ್ಲಿದ್ದ ಯಾರಿಗೋ, ಮುದ್ದಿನಿಂದ: "ನೀ ಮಾತಾಡ್ತೀಯೇನವ್ವಾ, ನಿಮ್ಮವ್ವನ ಕೂಡ?"